ಸಕ್ಕರೆಗಾಗಿ ಖಾಲಿ ಮಾಡಿಸಿದ ದ್ವೀಪ

ಎಲ್ಲರಿಗೂ ನಮಸ್ಕಾರ.

ಕೆರಿಬಿಯನ್ ಸಮುದ್ರದ ಸೇಂಟ್ ವಿನ್ಸೆಂಟ್ ದ್ವೀಪ ಅಂದ ತಕ್ಷಣ ನಿಮಗೆ ಆರ್ನೋಸ್ ವೇಲ್ ಮೈದಾನ ನೆನಪಾಗಬಹುದು. 2024ರ ಟಿ20 ವಿಶ್ವಕಪ್‌ನಲ್ಲಿ ಅಫ್ಘಾನಿಸ್ತಾನ ಆಸ್ಟ್ರೇಲಿಯಾವನ್ನು ಸೋಲಿಸಿದ್ದು ಅಲ್ಲೇ. ಬೆಳಗ್ಗೆ ಬೇಗ ಎದ್ದು ನೋಡಿದವರು ಈ ಸಭೆಯಲ್ಲೂ ಇದ್ದೀರಿ, ಅಲ್ವಾ? ಆ ದ್ವೀಪಕ್ಕಾಗಿ ಹೋರಾಡಿದ ಜನ ಈಗ ಬಹುಪಾಲು ಅಲ್ಲಿಲ್ಲ. ಮಧ್ಯ ಅಮೆರಿಕದ ಹೊಂಡುರಾಸ್, ಬೆಲೀಜ್, ಗ್ವಾಟೆಮಾಲಾ, ನಿಕರಾಗುವಾ ದೇಶಗಳ ಕರಾವಳಿಯಲ್ಲಿದ್ದಾರೆ. ಅವರೇ ಗರಿಫುನಾ. ಸೇಂಟ್ ವಿನ್ಸೆಂಟನ್ನು ಅವರು ಇವತ್ತಿಗೂ ಯುರುಮೈನ್ ಅಂತಲೇ ಕರೆಯುತ್ತಾರೆ.

ಇವರ ಬಗ್ಗೆ ಮಾತಾಡುವವರು ಸಾಮಾನ್ಯವಾಗಿ ಡೋಲು, ಕುಣಿತದಿಂದ ಶುರು ಮಾಡುತ್ತಾರೆ. ನಾನು ಜಮೀನಿನಿಂದ ಶುರು ಮಾಡುತ್ತೇನೆ. ಜಮೀನು ಬಿಟ್ಟರೆ ಈ ಕಥೆ ಅರ್ಥವೇ ಆಗುವುದಿಲ್ಲ.

ಸುತ್ತಲಿನ ದ್ವೀಪಗಳಲ್ಲೆಲ್ಲ ಆಫ್ರಿಕಾದಿಂದ ತಂದ ಜನರನ್ನು ಗುಲಾಮರಾಗಿ ದುಡಿಸುತ್ತಿದ್ದ ಕಾಲ ಅದು. ಕೆಲವರು ಒಡೆದ ಹಡಗುಗಳಿಂದ ಈಜಿ ಸೇಂಟ್ ವಿನ್ಸೆಂಟಿನ ದಡ ಸೇರಿದರು. ಕೆಲವರು ಬಾರ್ಬಡೋಸ್‌ನ ತೋಟಗಳಿಂದ ತಪ್ಪಿಸಿಕೊಂಡರು. ಅಲ್ಲಿಂದ ಗಾಳಿ ಪಶ್ಚಿಮಕ್ಕೆ ಬೀಸುತ್ತದೆ, ಸಣ್ಣ ದೋಣಿ ಸಿಕ್ಕಿದರೂ ಸಾಕು, ಇಲ್ಲಿಗೆ ಬಂದು ಮುಟ್ಟಬಹುದು. ಬಂದವರು ದ್ವೀಪದ ಮೂಲ ಜನರಾದ ಕಲಿನಾಗೋಗಳ ಜೊತೆ ಸಂಬಂಧ ಬೆಳೆಸಿದರು, ಅವರ ಭಾಷೆ ಕಲಿತರು, ಅವರ ಬೆಳೆ ಬೆಳೆದರು. ಹೀಗೆ ಹುಟ್ಟಿದ ಗರಿಫುನಾ ಜನ ಸ್ವತಂತ್ರರಾಗಿಯೇ ಬದುಕಿದರು. ದ್ವೀಪದ ಪೂರ್ವದ ಕಡೆಯ ಫಲವತ್ತಾದ ನೆಲ ಅವರ ಕೈಯಲ್ಲಿತ್ತು.

1763ರ ಪ್ಯಾರಿಸ್ ಒಪ್ಪಂದದಲ್ಲಿ ಫ್ರಾನ್ಸ್ ಈ ದ್ವೀಪವನ್ನು ಬ್ರಿಟನ್ನಿಗೆ ಬಿಟ್ಟುಕೊಟ್ಟಿತು. ಇಲ್ಲಿನ ಜನರನ್ನು ಯಾರೂ ಒಂದು ಮಾತು ಕೇಳಲಿಲ್ಲ. ಕಬ್ಬಿನ ತೋಟದ ಮಾಲೀಕರ ಕಣ್ಣು ಆ ಪೂರ್ವದ ನೆಲದ ಮೇಲೆ ಬಿತ್ತು. 1769ರಿಂದ 1773ರವರೆಗೆ ಮೊದಲ ಯುದ್ಧ ನಡೆಯಿತು. ಬ್ರಿಟಿಷರು ಗೆಲ್ಲಲಾಗದೆ ಒಪ್ಪಂದ ಮಾಡಿಕೊಂಡರು. 1795ರಲ್ಲಿ ಮತ್ತೆ ಯುದ್ಧ. ಅದೇ ವರ್ಷ ಮಾರ್ಚ್ 14ರಂದು ಡಾರ್ಸೆಟ್‌ಶೈರ್ ಬೆಟ್ಟದಲ್ಲಿ ಗರಿಫುನಾ ನಾಯಕ ಜೋಸೆಫ್ ಚಾಟೊಯರ್ ಸತ್ತ. ಆದರೂ ಜನ ಒಂದು ವರ್ಷಕ್ಕೂ ಜಾಸ್ತಿ ಹೋರಾಡಿದರು. ಕೊನೆಗೆ ಬ್ರಿಟಿಷರು ಅವರ ಮನೆ, ದೋಣಿ, ಬೆಳೆ ಎಲ್ಲವನ್ನೂ ಸುಟ್ಟು ಹಸಿವಿನಿಂದ ಸೋಲಿಸಿದರು.

ಆಮೇಲೆ ನಡೆದದ್ದನ್ನು ನಾನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಸಮಯ ಹೋದರೂ ಪರವಾಗಿಲ್ಲ. ಹತ್ತಿರದಲ್ಲಿ ಬಲಿಸೋ ಅಂತ ಒಂದು ನಡುಗಡ್ಡೆ ಇದೆ. ಚಿಕ್ಕದು, ಕುಡಿಯುವ ನೀರಿಲ್ಲ. 4,000ಕ್ಕೂ ಜಾಸ್ತಿ ಜನರನ್ನು ತಂದು ಅಲ್ಲಿ ಕೂಡಿಹಾಕಿದರು. ಗಂಡಸರು, ಹೆಂಗಸರು, ಎಳೆ ಮಕ್ಕಳು. ಕೆಲವೇ ತಿಂಗಳಲ್ಲಿ ಸುಮಾರು ಅರ್ಧದಷ್ಟು ಜನ ರೋಗದಿಂದ ಸತ್ತರು. ಅದರ ನಡುವೆಯೇ ಅಧಿಕಾರಿಗಳು ಇನ್ನೊಂದು ಕೆಲಸ ಮಾಡಿದರು. ಜನರನ್ನು ಮೈಬಣ್ಣ ನೋಡಿ ಬೇರೆ ಮಾಡಿದರು. ಬಣ್ಣ ಸ್ವಲ್ಪ ತಿಳಿಯಾಗಿದ್ದವರು 'ನಿಜವಾದ' ಕ್ಯಾರಿಬ್‌ಗಳು (ಕಲಿನಾಗೋಗಳನ್ನು ಯುರೋಪಿನವರು ಕರೆಯುತ್ತಿದ್ದ ಹೆಸರು), ಅವರು ವಾಪಸ್ ಹೋಗಬಹುದು. ಕಪ್ಪಗಿದ್ದವರು ಗಡೀಪಾರು. ಇಬ್ಬರದೂ ಒಂದೇ ಭಾಷೆ, ಒಂದೇ ಊರು.

ಯಾಕೆ ಹೀಗೆ? ತೋಟದ ಮಾಲೀಕರು ವರ್ಷಗಟ್ಟಲೆ ಬರೆದು, ವಾದಿಸಿ ಒಂದು ಮಾತನ್ನು ನಂಬಿಸಿದ್ದರು. ಕಪ್ಪಗಿರುವವರು ಆಫ್ರಿಕಾದವರು, ಹೊರಗಿನಿಂದ ಬಂದವರು, ಅವರಿಗೆ ಈ ನೆಲದ ಮೇಲೆ ಹಕ್ಕಿಲ್ಲ. ಈ ಮಾತು ಹೇಳಿದವರೇ ಮೊನ್ನೆ ಮೊನ್ನೆ ಯುರೋಪಿನಿಂದ ಬಂದಿಳಿದವರು! ಬಣ್ಣದ ಲೆಕ್ಕ ಹಾಕಿದ್ದು ಜಮೀನಿಗಾಗಿ. ಇದನ್ನು ನಾನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ.

1797ರ ಏಪ್ರಿಲ್ 12ರಂದು ಹೊಂಡುರಾಸ್ ಹತ್ತಿರದ ರೊವಾಟಾನ್ ದ್ವೀಪದಲ್ಲಿ ಅವರನ್ನು ಇಳಿಸಿದರು. ಅಲ್ಲಿಗೆ ಮುಟ್ಟಿದವರು 2,000ಕ್ಕೆ ಸ್ವಲ್ಪ ಜಾಸ್ತಿ, ಅಷ್ಟೇ. ಅವರಲ್ಲಿ ಹೆಚ್ಚಿನವರು ಕೆಲವೇ ತಿಂಗಳಲ್ಲಿ ಹೊಂಡುರಾಸ್ ಕರಾವಳಿಯ, ಸ್ಪೇನಿನವರ ಕೈಕೆಳಗಿದ್ದ ಟ್ರುಹಿಯೋ ಊರಿಗೆ ದಾಟಿದರು, ಅಲ್ಲಿಂದ ಕರಾವಳಿಯುದ್ದಕ್ಕೂ ಹರಡಿದರು.

ಇತ್ತ ಖಾಲಿಯಾದ ನೆಲದಲ್ಲಿ ಕಬ್ಬು ಬೆಳೆಯಿತು. ಗುಲಾಮಗಿರಿ ಮುಗಿದ ಮೇಲೆ ಕೂಲಿಯವರು ಸಾಲದೆ ಬಂದಾಗ ಮಾಲೀಕರು ಎಲ್ಲಿಂದ ತಂದರು ಗೊತ್ತೇ? ಮದರಾಸಿನಿಂದ. 1861ರ ಜೂನ್ 1ರಂದು 'ಟ್ರಾವಂಕೂರ್' ಅನ್ನುವ ಹಡಗು ನಮ್ಮ ದಕ್ಷಿಣದ ಜನರನ್ನು ಅಲ್ಲಿ ಇಳಿಸಿತು. ಇವರನ್ನೂ ಕರಾರಿನಲ್ಲಿ ಕಟ್ಟಿಹಾಕಿಯೇ ದುಡಿಸಿದರು.

ಈಗ ಊಟದ ವಿಷಯ. ಇದು ನನಗೆ ಬಹಳ ಇಷ್ಟ. ಗರಿಫುನಾ ಜನರ ಮುಖ್ಯ ಆಹಾರ ಎರೆಬಾ, ಅಂದರೆ ಕಹಿ ಮರಗೆಣಸಿನ ರೊಟ್ಟಿ. ಕಹಿ ಗೆಣಸಿನ ರಸ ವಿಷ, ಸುಮ್ನೆ ಬೇಯಿಸಿ ತಿನ್ನುವ ಹಾಗಿಲ್ಲ. ಮೊದಲು ಸಿಪ್ಪೆ ತೆಗೆದು, ಚೂಪು ಕಲ್ಲಿನ ಚೂರುಗಳನ್ನು ಕೂರಿಸಿದ ಹಲಗೆಯ ಮೇಲೆ ತುರಿಯಬೇಕು. ತುರಿದದ್ದನ್ನು ರುಗುಮಾ ಅನ್ನುವ ಉದ್ದನೆಯ ಹೆಣೆದ ಚೀಲಕ್ಕೆ ತುಂಬಿ ಮೇಲಿಂದ ತೂಗುಹಾಕುತ್ತಾರೆ. ಕೆಳಗಿನ ತುದಿಗೆ ಭಾರ ಕೊಟ್ಟು ಎಳೆದ ಹಾಗೆ ಚೀಲ ಉದ್ದವಾಗುತ್ತದೆ, ಕಿರಿದಾಗುತ್ತದೆ, ರಸ ಸೋರಿಹೋಗುತ್ತದೆ. ಉಳಿದ ಹಿಟ್ಟನ್ನು ಜರಡಿ ಹಿಡಿದು, ದೊಡ್ಡ ಕಾವಲಿಯ ಮೇಲೆ ಹರಡಿ ಬೇಯಿಸಿದರೆ ಹಪ್ಪಳದ ಹಾಗೆ ಗರಿಗರಿ ರೊಟ್ಟಿ. ತಿಂಗಳುಗಟ್ಟಲೆ ಕೆಡುವುದಿಲ್ಲ. ಗಡೀಪಾರಾದಾಗ ಹೆಂಗಸರು ಮರಗೆಣಸನ್ನು ಬಟ್ಟೆಯೊಳಗೆ ಬಚ್ಚಿಟ್ಟುಕೊಂಡು ಹಡಗು ಹತ್ತಿದರು ಅಂತ ಅವರ ಹಿರಿಯರು ಹೇಳುತ್ತಾರೆ. ಬೆಲೀಜ್‌ನಲ್ಲಿ ಪ್ರತಿ ನವೆಂಬರ್ 19ರಂದು, ಪೂರ್ವಿಕರು ಬಂದಿಳಿದ ದಿನದ ನೆನಪಿಗೆ, ಬೆಳ್ಳಂಬೆಳಗ್ಗೆ ದೋಣಿಗಳಲ್ಲಿ ಡೋಲು ಬಾರಿಸುತ್ತಾ ದಡಕ್ಕೆ ಬರುತ್ತಾರೆ. 1941ರಲ್ಲಿ ಥಾಮಸ್ ವಿನ್ಸೆಂಟ್ ರಾಮೋಸ್ ಶುರು ಮಾಡಿದ ಆಚರಣೆ ಇದು. ಈಗ ಇಡೀ ದೇಶಕ್ಕೆ ರಜೆ.

ಹತ್ತು ನಿಮಿಷ ಇದೆ ಅಂತ ಚೀಟಿ ಬಂದಿದೆ. ಪ್ರಶ್ನೆಗಳಿಗೂ ಜಾಗ ಬಿಡಬೇಕು, ಹಾಗಾಗಿ ಸಂಗೀತದ ಭಾಗವನ್ನು ಮೊಟಕು ಮಾಡುತ್ತೇನೆ. ಕ್ರಿಸ್‌ಮಸ್ ಹೊತ್ತಿನ ಜಂಕುನು ಕುಣಿತವನ್ನು ಮಾತ್ರ ಹೇಳಿಬಿಡುತ್ತೇನೆ. ಬಿಳಿಯರ ಮುಖ ಬರೆದ ತಂತಿಬಲೆಯ ಮುಖವಾಡ, ಮೊಣಕಾಲಿಗೆ ಕವಡೆಗಳ ಸಾಲು. ಡೋಲಿಗೆ ತಕ್ಕಂತೆ ಕುಣಿಯುವುದಲ್ಲ ಇಲ್ಲಿ. ಡೋಲಿನವನೇ ಕುಣಿಯುವವನ ಕಾಲು ನೋಡಿ ಬಾರಿಸಬೇಕು. ಇವರ ಭಾಷೆ, ಸಂಗೀತ, ಕುಣಿತ ಮೂರನ್ನೂ ಯುನೆಸ್ಕೋ 2001ರಲ್ಲಿ ಗೌರವಿಸಿತು. ಸಂತೋಷ. ಆದರೆ ಡೋಲಿಗೆ ಗೌರವ ಕೊಟ್ಟ ಜಗತ್ತು ಜಮೀನಿನ ಮಾತು ಬಂದಾಗ ಸುಮ್ಮನಾಗುತ್ತದೆ.

ಹೊಂಡುರಾಸ್‌ನ ಟ್ರಿಯುನ್‌ಫೊ ದೆ ಲಾ ಕ್ರುಸ್ ಅನ್ನುವ ಗರಿಫುನಾ ಊರನ್ನೇ ನೋಡಿ. ಸಮುದ್ರ ದಡದ ಊರು. ಪ್ರವಾಸೋದ್ಯಮಕ್ಕೆ ಆ ದಡ ಬೇಕು. ಊರಿನವರು ವರ್ಷಗಟ್ಟಲೆ ಓಡಾಡಿದರು. 2015ರಲ್ಲಿ ಅಮೆರಿಕ ಖಂಡಗಳ ಮಾನವ ಹಕ್ಕು ನ್ಯಾಯಾಲಯ ಅವರ ಪರ ತೀರ್ಪು ಕೊಟ್ಟಿತು, ಸಮುದಾಯದ ಜಮೀನಿನ ಹಕ್ಕನ್ನು ಹೊಂಡುರಾಸ್ ಸರ್ಕಾರ ಮುರಿದಿದೆ ಅಂತ. 2020ರ ಜುಲೈನಲ್ಲಿ ಬಂದೂಕು ಹಿಡಿದವರು, ಪೊಲೀಸ್ ಗುರುತಿನ ಬಟ್ಟೆ ಹಾಕಿಕೊಂಡು ಊರಿಗೆ ನುಗ್ಗಿ, ಸಮುದಾಯದ ಅಧ್ಯಕ್ಷ ಸ್ನೈಡರ್ ಸೆಂಟೆನೊ ಮತ್ತು ಇತರರನ್ನು ಎಳೆದೊಯ್ದರು. ಅವರು ವಾಪಸ್ ಬರಲಿಲ್ಲ. ಎಲ್ಲಿದ್ದಾರೆ ಅಂತ ಅವರ ಮನೆಯವರು ಕೇಳುತ್ತಲೇ ಬಂದಿದ್ದಾರೆ.

ನನ್ನ ಟಿಪ್ಪಣಿಯಲ್ಲಿ ಇನ್ನೂ ಇದೆ, ಅವರ ಪಿತೃಪೂಜೆಯ ಬಗ್ಗೆ, ನ್ಯೂಯಾರ್ಕಿಗೆ ವಲಸೆ ಹೋದವರ ಬಗ್ಗೆ. ಅದನ್ನು ಬಿಡುತ್ತೇನೆ. ಪ್ರಶ್ನೆಗಳಿದ್ದರೆ ಕೇಳಿ. ಜಮೀನಿನ ಬಗ್ಗೆ ಇದ್ದರೆ ಮೊದಲು ಅದನ್ನೇ ಕೇಳಿ.