ವರ್ಷದ ಪಾಸ್ ತಗೋಬೇಕಾ? ನಮ್ಮ ಕಡೆಯವರ ಲೆಕ್ಕ

ನಮಸ್ಕಾರ ಕೇಳುಗರೇ.

ಬೇಸಿಗೆ ರಜೆ ಹತ್ತಿರ ಬಂತು ಅಂದ್ರೆ ಬಳ್ಳಾರಿ, ರಾಯಚೂರು, ಕೊಪ್ಪಳದ ಎಷ್ಟೋ ಮನೆಗಳಲ್ಲಿ ಒಂದೇ ಗಲಾಟೆ. ಅಮ್ಯೂಸ್‌ಮೆಂಟ್ ಪಾರ್ಕ್‌ಗೆ ಯಾವಾಗ ಕರ್ಕೊಂಡು ಹೋಗ್ತೀರಿ? ಮಕ್ಕಳು ಮೊಬೈಲ್‌ನಲ್ಲಿ ವೇವ್ ಪೂಲ್ ನೋಡಿರ್ತಾರೆ, ಪಕ್ಕದ ಮನೆ ಹುಡುಗ ಹೋಗಿ ಬಂದು ಕಥೆ ಹೇಳಿರ್ತಾನೆ, ಹೊರಗೆ ನೋಡಿದರೆ ನೆತ್ತಿ ಸುಡೋ ಬಿಸಿಲು. ಸರಿ, ಟಿಕೆಟ್ ರೇಟ್ ಎಷ್ಟು ನೋಡೋಣ ಅಂತ ಅಪ್ಪ ಮೊಬೈಲ್ ತೆಗೀತಾನೆ. ಟಿಕೆಟ್ ಪಕ್ಕದಲ್ಲೇ ದೊಡ್ಡ ಅಕ್ಷರದಲ್ಲಿ ಇನ್ನೊಂದು ಇರುತ್ತೆ, ವರ್ಷದ ಪಾಸ್. ಮೂರು ಸಲ ಬಂದರೆ ಸಾಕು, ದುಡ್ಡು ವಾಪಸ್ ಬಂದಂಗೆ, ಆಮೇಲೆ ಬಂದಿದ್ದೆಲ್ಲಾ ಪುಕ್ಕಟೆ ಅನ್ನೋ ಹಾಗೆ ಬರೆದಿರ್ತಾರೆ. ಅಲ್ಲಿಗೆ ಮನಸ್ಸು ತೂಗೋಕೆ ಶುರುವಾಗುತ್ತೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ನಮ್ಮ ಮೂರು ಜಿಲ್ಲೆಯ ಬಹುಪಾಲು ಮನೆಗಳಿಗೆ ಈ ಪಾಸ್ ಬೇಡ. ಪಾರ್ಕ್ ಬೇಡ ಅಂತಲ್ಲ, ಪಾಸ್ ಬೇಡ. ಕೆಲವು ಮನೆಗಳಿಗೆ ಮಾತ್ರ ಅದು ನಿಜವಾಗಲೂ ಒಳ್ಳೆಯದು, ಅದು ಯಾರಿಗೆ ಅನ್ನೋದನ್ನೂ ಹೇಳ್ತೀನಿ.

ಮೊದಲು ದೂರದ ಮಾತು. ನಮ್ಮವರು ದೊಡ್ಡ ಪಾರ್ಕ್ ಅಂದಾಗ ಮನಸ್ಸಲ್ಲಿ ಇರೋದು ಬೆಂಗಳೂರು ಇಲ್ಲಾ ಹೈದರಾಬಾದ್. ಬಿಡದಿ ಕಡೆ ಇರೋ ವಂಡರ್‌ಲಾ 2005ರಲ್ಲಿ ಶುರುವಾಯಿತು, ಹೈದರಾಬಾದ್‌ನ ರಾವಿರ್ಯಾಲದ್ದು 2016ರಲ್ಲಿ. ಬಳ್ಳಾರಿಯಿಂದ ಬೆಂಗಳೂರಿಗೆ ಸುಮಾರು 300 ಕಿಲೋಮೀಟರ್. ಅಷ್ಟಕ್ಕೇ ಮುಗಿಯಲ್ಲ, ಬಿಡದಿ ಇರೋದು ಊರಿನ ಆ ಕಡೆ, ಮೈಸೂರು ರಸ್ತೆಯಲ್ಲಿ. ನಾವು ತುಮಕೂರು ಕಡೆಯಿಂದ ಒಳಗೆ ಹೋಗಿ, ಊರು ದಾಟಿ, ಮತ್ತೆ ಹೊರಗೆ ಹೋಗಬೇಕು. ರಾಯಚೂರಿನವರಿಗೆ ಹೈದರಾಬಾದ್ ಹತ್ತಿರ ಅಂತೀವಿ, ಆದರೂ ಸುಮಾರು 200 ಕಿಲೋಮೀಟರ್ ಆಗುತ್ತೆ.

ವರ್ಷದ ಪಾಸ್ ಅನ್ನೋದು ಊಟ ಮಾಡಿ ಗಾಡಿ ಹತ್ತಿದರೆ ಒಂದು ತಾಸಿನಲ್ಲಿ ಗೇಟ್ ಮುಟ್ಟೋರಿಗೆ ಮಾಡಿದ್ದು. ಇದರ ಹಿಂದಿನ ಲೆಕ್ಕ ತಿಳಿದುಕೊಂಡರೆ ಎಲ್ಲಾ ಅರ್ಥ ಆಗುತ್ತೆ. ಒಂದು ಪಾರ್ಕ್ ನಡೆಸೋಕೆ ಕರೆಂಟು, ಸಂಬಳ, ನೀರು ಸ್ವಚ್ಛ ಮಾಡೋದು, ಯಂತ್ರಗಳ ತಪಾಸಣೆ, ಇಷ್ಟಕ್ಕೆಲ್ಲಾ ದಿನದ ಖರ್ಚು ಇದ್ದೇ ಇರುತ್ತೆ. ಐನೂರು ಜನ ಬಂದರೂ ಐದು ಸಾವಿರ ಜನ ಬಂದರೂ ಆ ಖರ್ಚಿನಲ್ಲಿ ಭಾರಿ ವ್ಯತ್ಯಾಸ ಆಗಲ್ಲ. ಭಾನುವಾರ ಹೇಗೂ ತುಂಬುತ್ತೆ. ಖಾಲಿ ಹೊಡೆಯೋದು ಮಂಗಳವಾರ, ಬುಧವಾರ. ಆ ಖಾಲಿ ದಿನಕ್ಕೆ ಜನ ಬರಲಿ, ಬಂದವರು ಒಳಗೆ ಊಟ, ಐಸ್‌ಕ್ರೀಂ, ಲಾಕರ್, ಫೋಟೋ ಅಂತ ಖರ್ಚು ಮಾಡಲಿ ಅಂತಲೇ ಪಾಸ್ ಕೊಡೋದು. ಅದರಲ್ಲಿ ಮೋಸ ಏನಿಲ್ಲ, ವ್ಯಾಪಾರ ಅದು. ಆದರೆ ಆ ವ್ಯಾಪಾರ ನಮಗೆ ಹೊಂದುತ್ತಾ ಅನ್ನೋದನ್ನ ನಾವೇ ನೋಡ್ಕೋಬೇಕು.

ಯಾಕಂದ್ರೆ, ಖಾಲಿ ದಿನ ತುಂಬಿಸೋಕೆ ಕೊಟ್ಟ ಪಾಸು ತುಂಬಿದ ದಿನ ನಡೆಯದೇ ಇರಬಹುದು. ಬಹಳ ಕಡೆ ಪಾಸಿನ ಷರತ್ತುಗಳಲ್ಲಿ ಇಂತಿಂಥ ದಿನ ಪಾಸ್ ಚಲಾವಣೆ ಇಲ್ಲ ಅಂತ ಇರುತ್ತೆ. ದೀಪಾವಳಿ, ದಸರಾ, ಕ್ರಿಸ್‌ಮಸ್ ರಜೆ, ಉದ್ದ ವಾರಾಂತ್ಯ, ಕೆಲವು ಕಡೆ ಬೇಸಿಗೆಯ ಶನಿವಾರ ಭಾನುವಾರ ಕೂಡ. ಈಗ ನೀವೇ ಯೋಚನೆ ಮಾಡಿ, ಸಿರುಗುಪ್ಪದಿಂದಲೋ ಸಿಂಧನೂರಿನಿಂದಲೋ ಶಾಲೆಗೆ ಹೋಗೋ ಮಕ್ಕಳನ್ನ ಕರ್ಕೊಂಡು ನೀವು ಹೋಗೋಕೆ ಆಗೋದು ಯಾವಾಗ? ಅದೇ ದಸರಾ ರಜೆಯಲ್ಲಿ, ಅದೇ ಉದ್ದ ವಾರಾಂತ್ಯದಲ್ಲಿ. ಬೆಂಗಳೂರಿನವರು ಬುಧವಾರ ಮಧ್ಯಾಹ್ನ ಹೋಗಿ ರಾತ್ರಿಗೆ ಮನೆಗೆ ಬರ್ತಾರೆ. ನಮಗೆ ಬುಧವಾರ ಹೋಗಬೇಕು ಅಂದ್ರೆ ಮಂಗಳವಾರ ರಾತ್ರಿ ಹೊರಟು, ಗುರುವಾರ ಬೆಳಿಗ್ಗೆ ಇಳಿದು, ಮಗು ಶಾಲೆಯಲ್ಲಿ ತೂಕಡಿಸಬೇಕು.

ಗಂಗಾವತಿಯಲ್ಲಿ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡೋ ಒಬ್ಬರು ಹೀಗೆಯೇ ಮನೆಯವರಿಗೆಲ್ಲಾ ಪಾಸ್ ಮಾಡಿಸಿದ್ರು. ಬೇಸಿಗೆಯಲ್ಲಿ ಒಂದು ಸಲ ಹೋಗಿ ಬಂದ್ರು, ಚೆನ್ನಾಗೇ ಆಯಿತು. ದಸರಾಕ್ಕೆ ಮತ್ತೆ ಹೊರಟ್ರು. ರಾತ್ರಿಯೆಲ್ಲಾ ಬಸ್ಸು, ಬೆಳಿಗ್ಗೆ ಗೇಟ್ ಮುಂದೆ ಸಾಲು. ಕೌಂಟರ್‌ನಲ್ಲಿದ್ದ ಹುಡುಗ ಪಾಸ್ ಸ್ಕ್ಯಾನ್ ಮಾಡಿ, ಕೆಂಪು ಬಣ್ಣ ಬಂದ ಸ್ಕ್ರೀನನ್ನ ಇವರ ಕಡೆ ತಿರುಗಿಸಿ, ಸಾರ್ ಇವತ್ತು ವಿಶೇಷ ದಿನ, ಪಾಸ್ ನಡೆಯಲ್ಲ ಅಂದ. ಹಿಂದೆ ಸಾಲು ನಿಂತಿದೆ. ಚಿಕ್ಕ ಮಗಳು ಆಗಲೇ ಈಜುಡುಗೆ ಹಾಕ್ಕೊಂಡು, ಅದರ ಮೇಲೆ ಫ್ರಾಕ್ ಹಾಕ್ಕೊಂಡು ಬಂದಿದ್ದಾಳೆ. ಅಷ್ಟು ದೂರ ಬಂದು ವಾಪಸ್ ಹೋಗೋಕೆ ಆಗುತ್ತಾ? ಆ ದಿನದ ದರದಲ್ಲಿ, ಅಂದ್ರೆ ವರ್ಷದಲ್ಲೇ ಜಾಸ್ತಿ ಇರೋ ದರದಲ್ಲಿ, ಎಲ್ಲರಿಗೂ ಟಿಕೆಟ್ ತಗೊಂಡ್ರು. ಷರತ್ತು ಮೊದಲೇ ಬರೆದಿತ್ತು, ಹೌದು. ಎಷ್ಟೋ ಸಾಲುಗಳ ಕೆಳಗೆ, ಇಂಗ್ಲಿಷ್‌ನಲ್ಲಿ, ಸಣ್ಣ ಅಕ್ಷರದಲ್ಲಿ ಬರೆದಿತ್ತು. ಆ ಮನೆಯ ಸಂಕಟ ಕೇಳಿ ನನಗೆ ಈ ವಿಷಯ ಮಾತಾಡಲೇಬೇಕು ಅನ್ನಿಸಿತು.

ಇನ್ನು ದುಡ್ಡಿನ ಲೆಕ್ಕ. ಇದು ನಿಜವಾದ ಯಾವ ಪಾರ್ಕಿನ ದರವೂ ಅಲ್ಲ, ಸುಮ್ನೆ ಲೆಕ್ಕಕ್ಕೆ ಇಟ್ಟುಕೊಳ್ಳೋಣ. ಒಂದು ಟಿಕೆಟ್ 1,200 ರೂಪಾಯಿ, ವರ್ಷದ ಪಾಸ್ 3,000. ನಾಲ್ಕು ಜನರ ಮನೆ. ಒಂದು ಸಲದ ಟಿಕೆಟ್ 4,800, ಪಾಸಿಗೆ 12,000. ಮೂರು ಸಲ ಹೋದರೆ ಟಿಕೆಟ್ಟಿಗೆ 14,400 ಆಗ್ತಿತ್ತು, ಪಾಸ್ ಇದ್ದಿದ್ದಕ್ಕೆ 2,400 ಉಳಿಯಿತು. ಕಾಗದದ ಮೇಲೆ ಸರಿಯಾಗೇ ಇದೆ ಅಲ್ವಾ?

ಈಗ ದಾರಿ ಖರ್ಚು ಸೇರಿಸಿ. ರೈಲಿಗೋ ಬಸ್ಸಿಗೋ ಹೋಗಿ ಬರೋದು, ಅಲ್ಲಿ ಇಳಿದ ಮೇಲೆ ಆಟೋ, ಕ್ಯಾಬು, ಒಳಗೆ ಮಧ್ಯಾಹ್ನದ ಊಟ, ಲಾಕರ್, ಈಜುಡುಗೆ ಬಾಡಿಗೆ, ಎಲ್ಲಾ ಸೇರಿ ಒಂದು ಸಲಕ್ಕೆ 5,000 ಅಂತ ಹಿಡಿಯಿರಿ, ರೂಮ್ ಮಾಡಿದರೆ ಇನ್ನೂ ಮೇಲೆ. ಮೂರು ಸಲಕ್ಕೆ 15,000. ಪಾಸ್ ಸೇರಿ 27,000. ಪಾಸ್ ಇಲ್ಲದೆ ಒಂದೇ ಸಲ ಹೋಗಿ ಬಂದಿದ್ದರೆ ಆಗ್ತಿದ್ದದ್ದು 9,800. ಉಳೀತು ಅಂದುಕೊಂಡ 2,400ಕ್ಕೋಸ್ಕರ ಕೈಯಿಂದ 17,200 ಜಾಸ್ತಿ ಹೋಯಿತು. ಆ ಎರಡು ಸಲ ನೀವು ಹೇಗೂ ಹೋಗೋರೇ ಆಗಿದ್ದರೆ ಅದು ಬೇರೆ ಮಾತು. ಪಾಸ್ ಇದೆಯಲ್ಲಾ, ದಂಡ ಆಗುತ್ತೆ ಅಂತ ಹೋದದ್ದಾದರೆ ಆ ದುಡ್ಡು ಉಳಿತಾಯ ಅಲ್ಲ.

ದಾರಿ ಖರ್ಚಿನಲ್ಲೂ ನಮ್ಮವರು ತಪ್ಪು ಲೆಕ್ಕ ಹಿಡಿಯೋದು ಇದೆ. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ ಅಲ್ವಾ ಅಂತಾರೆ. 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ ನಿಜ, ಆದರೆ ಅದು ರಾಜ್ಯದೊಳಗೆ, ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಿಗೆ. ಸ್ಲೀಪರ್, ರಾಜಹಂಸ, ಎಸಿ ಬಸ್ಸಿಗೆ ಇಲ್ಲ. ಮಕ್ಕಳನ್ನ ಕಟ್ಟಿಕೊಂಡು ರಾತ್ರಿಯೆಲ್ಲಾ ವೇಗದೂತದಲ್ಲಿ ಕೂತು ಹೋಗಿ ಬೆಳಿಗ್ಗೆ ರೈಡ್ ಹತ್ತೋಕೆ ಆಗುತ್ತಾ ಅಂತ ಆ ತಾಯಿಯನ್ನೇ ಕೇಳಬೇಕು. ರಾಯಚೂರಿನಿಂದ ಹೈದರಾಬಾದಿಗೆ ಹೋಗೋರಿಗಂತೂ ಗಡಿ ದಾಟಿದ ಮೇಲೆ ಆ ಲೆಕ್ಕವೇ ನಡೆಯಲ್ಲ. ರೈಲಿನಲ್ಲಿ ಐದರಿಂದ ಹನ್ನೆರಡು ವರ್ಷದೊಳಗಿನ ಮಗುವಿಗೆ ಮಲಗೋಕೆ ಬರ್ತ್ ಬೇಕು ಅಂದ್ರೆ ಪೂರ್ತಿ ದರ, 2016ರಿಂದ ಹಾಗೆಯೇ. ಇನ್ನೊಂದು, ಪಾರ್ಕ್ ತೋರಿಸೋ ದರಕ್ಕೆ ಜಿಎಸ್‌ಟಿ ಸೇರಿದೆಯಾ ನೋಡಿ. ಇಂಥ ಪಾರ್ಕ್‌ಗಳ ಮೇಲೆ ಮೊದಲು 28 ಪರ್ಸೆಂಟ್ ಇತ್ತು, 2018ರ ಜನವರಿಯಲ್ಲಿ 18ಕ್ಕೆ ಇಳಿಸಿದರು. 3,000ದ ಪಾಸಿನ ಮೇಲೆ 18 ಪರ್ಸೆಂಟ್ ಅಂದ್ರೆ 540 ರೂಪಾಯಿ.

ಹಾಗಾದ್ರೆ ನಿರ್ಧಾರ ಮಾಡೋದು ಹೇಗೆ? ಮುಂದಿನ ವರ್ಷ ಎಷ್ಟು ಸಲ ಹೋಗ್ತೀವಿ ಅಂತ ಕೇಳ್ಕೋಬೇಡಿ. ಮುಂದಿನ ವರ್ಷ ಅಂದ್ರೆ ಎಲ್ಲರೂ ಉದಾರಿಗಳೇ. ಹೋದ ವರ್ಷ, ಅದರ ಹಿಂದಿನ ವರ್ಷ ಎಷ್ಟು ಸಲ ಹೋಗಿದ್ರಿ ಅಂತ ಕೇಳ್ಕೊಳ್ಳಿ. ನೆನಪು ಬೇಡ, ಮೊಬೈಲ್‌ನ ಫೋಟೋ ತೆಗೆದು ನೋಡಿ. ರೈಲಿನ ಬುಕಿಂಗ್ ಮೆಸೇಜ್ ನೋಡಿ. ಎರಡು ವರ್ಷದಲ್ಲಿ ಒಂದು ಸಲ ಹೋದ ಮನೆ, ಪಾಸ್ ಕೊಂಡ ಕೂಡಲೇ ವರ್ಷಕ್ಕೆ ನಾಲ್ಕು ಸಲ ಹೋಗೋ ಮನೆ ಆಗಲ್ಲ. ಹೆದ್ದಾರಿ ಟೋಲ್‌ಗೆ 2025ರ ಆಗಸ್ಟ್ 15ರಿಂದ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಬಂತಲ್ಲ, ಶುರುವಾದಾಗ 3,000 ರೂಪಾಯಿ, ಒಂದು ವರ್ಷ ಇಲ್ಲಾ 200 ಟ್ರಿಪ್, ಯಾವುದು ಮೊದಲೋ ಅದು. ಅದನ್ನ ತಗೊಳ್ಳೋವಾಗ ಜನ ಎಷ್ಟು ಚೆನ್ನಾಗಿ ಲೆಕ್ಕ ಹಾಕಿದರು! ಹೊಸಪೇಟೆಯಿಂದ ಚಿತ್ರದುರ್ಗದ ಮೇಲೆ ತಿಂಗಳಿಗೆ ಎಷ್ಟು ಸಲ ಹೋಗ್ತೀವಿ, ಎಷ್ಟು ಟೋಲ್ ಬರುತ್ತೆ ಅಂತ ಹಳೇ ಮೆಸೇಜ್ ತೆಗೆದು ಕೂಡಿಸಿ ನೋಡಿ ತಗೊಂಡರು. ಮಕ್ಕಳ ವಿಷಯ ಬಂದಾಗ ಮಾತ್ರ ಆ ಲೆಕ್ಕ ಬಿಟ್ಟುಬಿಡ್ತೀವಿ. ಮಗು ಮುಖ ನೋಡಿದರೆ ಇಲ್ಲ ಅನ್ನೋಕೆ ಬಾಯಿ ಬರಲ್ಲ, ಅದು ಎಲ್ಲಾ ತಂದೆತಾಯಿಗಳ ಪಾಡು.

ಮಗುವಿನ ಎತ್ತರದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಯಾಕಂದ್ರೆ ಇದನ್ನ ಯಾರೂ ಹೇಳಲ್ಲ. ಬಹಳಷ್ಟು ಪಾರ್ಕ್‌ಗಳಲ್ಲಿ ಮಕ್ಕಳ ಟಿಕೆಟ್ಟು ವಯಸ್ಸಿನ ಮೇಲೆ ಅಲ್ಲ, ಎತ್ತರದ ಮೇಲೆ. ದೊಡ್ಡ ರೈಡ್‌ಗಳಿಗೂ ಇಷ್ಟು ಸೆಂಟಿಮೀಟರ್ ಇರಲೇಬೇಕು ಅಂತ ಗೆರೆ ಇರುತ್ತೆ, ಕೆಲವಕ್ಕೆ 120, ಕೆಲವಕ್ಕೆ 140. ಅದು ಸುರಕ್ಷತೆಗೆ ಹಾಕಿದ ಗೆರೆ, ಬೇಡಿಕೊಂಡರೂ ಬಿಡಲ್ಲ, ಬಿಡಲೂಬಾರದು. ಹಾಗಾಗಿ ದುಡ್ಡು ಕಟ್ಟೋ ಮೊದಲು ಮನೆಯಲ್ಲೇ ಅಳೆಯಿರಿ. ಚಪ್ಪಲಿ ಬಿಚ್ಚಿಸಿ, ಬಾಗಿಲ ಚೌಕಟ್ಟಿಗೆ ಹಿಮ್ಮಡಿ ತಾಗಿಸಿ ನಿಲ್ಲಿಸಿ, ತಲೆ ಮೇಲೆ ಒಂದು ಪುಸ್ತಕ ಅಡ್ಡ ಇಟ್ಟು, ಪೆನ್ಸಿಲ್‌ನಲ್ಲಿ ಗೆರೆ ಎಳೆದು, ಟೇಪ್ ಹಿಡಿಯಿರಿ. ಆರು ವರ್ಷದಿಂದ ಹತ್ತು ವರ್ಷದ ನಡುವೆ ಮಕ್ಕಳು ಸಾಮಾನ್ಯವಾಗಿ ವರ್ಷಕ್ಕೆ ಐದಾರು ಸೆಂಟಿಮೀಟರ್ ಬೆಳೀತಾರೆ. ಈಗ 115 ಇರೋ ಹುಡುಗನಿಗೆ 120ರ ಗೆರೆ ದಾಟೋಕೆ ಹೆಚ್ಚುಕಡಿಮೆ ಒಂದು ವರ್ಷ ಬೇಕು, ಅಂದ್ರೆ ನಿಮ್ಮ ಪಾಸಿನ ಅವಧಿ ಪೂರ್ತಿ ಅವನು ಅಕ್ಕ ಹತ್ತಿದ ರೈಡ್‌ನ ಕೆಳಗೆ ನಿಂತು ಅಳ್ತಾ ಇರ್ತಾನೆ. ಒಂದು ವರ್ಷ ತಡೆದು ಹೋದರೆ ಅದೇ ಪಾರ್ಕು ಅವನಿಗೆ ದುಪ್ಪಟ್ಟು ದೊಡ್ಡದಾಗಿರುತ್ತೆ. ಇನ್ನೊಂದು ಕಡೆ, ಮಗಳು ಈಗ ಮಕ್ಕಳ ದರದ ಗೆರೆಯ ಹತ್ತಿರ ಹತ್ತಿರ ಇದ್ದರೆ, ವರ್ಷದ ನಡುವೆ ಗೆರೆ ದಾಟಿದ ಮೇಲೆ ಮಕ್ಕಳ ಪಾಸ್ ನಡೆಯುತ್ತಾ ಅಂತ ಕೇಳಿ ತಿಳ್ಕೊಳ್ಳಿ.

ಪಾಸ್ ಯಾರಿಗೆ ಬೇಕು ಅಂದೆನಲ್ಲ. ಸೋದರಮಾವ ಕೆಂಗೇರಿಯಲ್ಲೋ ರಾಜರಾಜೇಶ್ವರಿ ನಗರದಲ್ಲೋ ಇದ್ದು, ಮಕ್ಕಳು ಬೇಸಿಗೆ ರಜೆ ಅಲ್ಲೇ ಕಳೆಯೋ ಮನೆ ಇದ್ದರೆ, ಅವರಿಗೆ ದಾರಿ ಖರ್ಚು ಒಂದೇ ಸಲ. ಅಲ್ಲಿ ಇದ್ದಾಗ ವಾರದ ನಡುವೆ, ಜನ ಕಡಿಮೆ ಇರೋ ದಿನ, ಮಾವನ ಮಕ್ಕಳ ಜೊತೆ ಎರಡು ಮೂರು ಸಲ ಹೋಗಿ ಬರಬಹುದು. ಅಪ್ಪ ಬೆಂಗಳೂರಲ್ಲಿ ದುಡಿಯುತ್ತಾ, ಹೆಂಡತಿ ಮಕ್ಕಳು ಊರಲ್ಲಿದ್ದು, ರಜೆಗೆಲ್ಲಾ ಅಲ್ಲಿಗೆ ಹೋಗಿ ಇರೋ ಮನೆಗಳೂ ನಮ್ಮಲ್ಲಿ ಬೇಕಾದಷ್ಟಿವೆ. ಇವರೆಲ್ಲಾ ಧೈರ್ಯವಾಗಿ ತಗೊಳ್ಳಿ. ಆದರೆ ಒಬ್ಬ ದೊಡ್ಡವರು ಜೊತೆಗೆ ಹೋಗಲೇಬೇಕು, ಅವರದೂ ಪಾಸ್ ಇರಬೇಕು, ಅದನ್ನ ಮರೀಬೇಡಿ. ವ್ಯಾಪಾರಕ್ಕೆ ತಿಂಗಳಿಗೊಮ್ಮೆ ಹೈದರಾಬಾದಿಗೆ ಹೋಗೋ ರಾಯಚೂರಿನ ಅಣ್ಣಂದಿರು, ನಾನು ಹೇಗೂ ಹೋಗ್ತೀನಲ್ಲ ಅಂತ ಲೆಕ್ಕ ಹಾಕ್ತಾರೆ. ನೀವು ಹೋಗ್ತೀರಿ, ಮಕ್ಕಳು ಬರ್ತಾರಾ? ಅವರು ಬರೋ ಸಲ ಮಾತ್ರ ಎಣಿಸಿ.

ಮಿಕ್ಕವರಿಗೆ ನನ್ನ ಸಲಹೆ ಒಂದೇ ಸಲ ಹೋಗಿ, ಚೆನ್ನಾಗಿ ಹೋಗಿ. ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆವರೆಗೆ ಶಾಲೆಗೆ ರಜೆ ಇದ್ದೇ ಇರುತ್ತಲ್ಲ, ಅದರಲ್ಲಿ ಒಂದು ಮಂಗಳವಾರ ಇಲ್ಲಾ ಬುಧವಾರ ಹಿಡಿಯಿರಿ. ಬಹಳ ಕಡೆ ವಾರದ ದಿನದ ದರವೂ ಕಡಿಮೆ, ಸಾಲೂ ಸಣ್ಣದು. ಪಾಸಿಗೆ ಹಾಕಬೇಕು ಅಂದುಕೊಂಡ ದುಡ್ಡಿನಲ್ಲಿ ಹತ್ತಿರದಲ್ಲೇ ಒಂದು ರೂಮ್ ಮಾಡಿ ಹಿಂದಿನ ರಾತ್ರಿ ಮಕ್ಕಳನ್ನ ನಿದ್ದೆ ಮಾಡಿಸಿ. ರಾತ್ರಿ ಪ್ರಯಾಣ ಮಾಡಿ ನಿದ್ದೆಗೆಟ್ಟ ಮಗು ಮಧ್ಯಾಹ್ನ ಮೂರಕ್ಕೆ ಸುಸ್ತಾಗಿ ಕೂತುಬಿಡುತ್ತೆ, ಸಂಜೆವರೆಗಿನ ಟಿಕೆಟ್ ಅಲ್ಲಿಗೇ ದಂಡ.

ಹಂಪಿ ಇದೆಯಲ್ಲ, ಟಿಬಿ ಡ್ಯಾಮ್ ಇದೆಯಲ್ಲ, ಪಾರ್ಕ್ ಯಾಕೆ ಬೇಕು ಅಂತ ಮಕ್ಕಳಿಗೆ ಬುದ್ಧಿ ಹೇಳೋರು ಇದ್ದಾರೆ. ನಾನು ಹಾಗೆ ಹೇಳಲ್ಲ. ನೀರಿನ ಜಾರುಬಂಡೆಯ ಆಸೆಗೆ ಕಲ್ಲಿನ ರಥ ತೋರಿಸಿದರೆ ಮಗು ಒಪ್ಪಲ್ಲ. ಆದರೆ ವರ್ಷದ ಮಿಕ್ಕ ದಿನಗಳಿಗೆ ನಮ್ಮ ಸುತ್ತ ಇರೋದು ಕಡಿಮೆ ಏನಲ್ಲ. ಕಮಲಾಪುರದ ಹತ್ತಿರ ಪ್ರಾಣಿ ಸಂಗ್ರಹಾಲಯದಲ್ಲಿ ಸಫಾರಿ ಇದೆ, ಹಂಪಿಯಲ್ಲಿ ಟಿಕೆಟ್ ಇರೋ ಕಡೆಗಳಲ್ಲೂ ಹದಿನೈದು ವರ್ಷದೊಳಗಿನವರಿಗೆ ಪುಕ್ಕಟೆ. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯಲ್ಲಿ ದೊಡ್ಡ ತೊಟ್ಟಿಲು ಹತ್ತಿ ಮಕ್ಕಳು ಕೂಗೋದನ್ನ ಕೇಳಿದ್ದೀರಲ್ಲ, ಆ ಖುಷಿಗೆ ಪಾಸ್ ಬೇಕಿಲ್ಲ.

ಇಷ್ಟೆಲ್ಲಾ ಕೇಳಿದ ಮೇಲೂ ಪಾಸ್ ತಗೊಳ್ಳೋದೇ ಸರಿ ಅನ್ನಿಸಿದರೆ, ದುಡ್ಡು ಕಟ್ಟೋ ಮೊದಲು ಪಾರ್ಕಿಗೆ ಫೋನ್ ಮಾಡಿ. ಯಾವ ಯಾವ ತಾರೀಖು ಪಾಸ್ ನಡೆಯಲ್ಲ, ವರ್ಷ ಅನ್ನೋದು ಕೊಂಡ ದಿನದಿಂದಲೋ ಮೊದಲ ಸಲ ಒಳಗೆ ಹೋದ ದಿನದಿಂದಲೋ, ತಾನಾಗಿ ನವೀಕರಣ ಆಗಿ ಖಾತೆಯಿಂದ ದುಡ್ಡು ಹೋಗುತ್ತಾ ಅಂತ ಕೇಳಿ, ಉತ್ತರವನ್ನ ಮೇಲ್‌ನಲ್ಲೋ ವಾಟ್ಸಾಪ್‌ನಲ್ಲೋ ಬರೆಸಿಕೊಳ್ಳಿ. ಕೊಟ್ಟ ಮಾತಿಗೆ ತಪ್ಪಿದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ, ಪಾರ್ಕ್ ಬೆಂಗಳೂರಲ್ಲೇ ಇರಲಿ ಹೈದರಾಬಾದಲ್ಲೇ ಇರಲಿ, ನೀವು ವಾಸ ಇರೋ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು, ಎರಡು ವರ್ಷದೊಳಗೆ ಕೊಡಬೇಕು. ಬರೆದುಕೊಟ್ಟ ಆ ಮೆಸೇಜ್ ಅಲ್ಲಿ ಕೆಲಸಕ್ಕೆ ಬರುತ್ತೆ, ಅಳಿಸಬೇಡಿ.

ನಮಸ್ಕಾರ.