ಹೊಸ ತೂತು ಬೇಡ: ರಿಕನ್‌ಬ್ಯಾಕರ್ ಬೇಸ್ ಇಟ್ಟುಕೊಂಡವರಿಗೆ, ಇಟ್ಟುಕೊಳ್ಳಬೇಕೆಂದವರಿಗೆ

ಹಾಸನದ ಆರ್ಕೆಸ್ಟ್ರಾ ಗೆಳೆಯರಿಗೆ, ಸಕಲೇಶಪುರ, ಬೇಲೂರು, ಮೂಡಿಗೆರೆ ಕಡೆಯಿಂದ ಬಂದವರಿಗೆ ನಮಸ್ಕಾರ. ಮುಂಗಾರು ಹತ್ತಿರ ಬಂತು. ಮರದ ವಾದ್ಯ ಇಟ್ಟುಕೊಂಡವರೆಲ್ಲ ಕೈಗೆ ಸ್ಕ್ರೂಡ್ರೈವರ್ ತೆಗೆದುಕೊಳ್ಳುವ ಕಾಲ ಇದು. ಅದಕ್ಕೇ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ನಡುನಡುವೆ ಮತ್ತೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ: ಏನು ಬೇಕಾದರೂ ಬದಲಾಯಿಸಿ, ಹೊಸ ತೂತು ಮಾತ್ರ ಕೊರೆಯಬೇಡಿ.

ಅಮೆರಿಕದ ರಿಕನ್‌ಬ್ಯಾಕರ್ ಕಂಪನಿಯ ಬೇಸ್ ಗಿಟಾರನ್ನು ಕಣ್ಣಿಗೆ ಕಂಡೊಡನೆ ಗುರುತಿಸುತ್ತೀರಿ. ಅಲೆಯಂತೆ ಬಾಗಿದ ತಲೆ, ಅದೇ ಬಾಗಿನ ಕೊಂಬು. ರೋಜರ್ ರಾಸ್‌ಮೈಸ್ಲ್ ವಿನ್ಯಾಸ ಮಾಡಿದ 4000 ಮಾಡೆಲ್ ಬಂದಿದ್ದು 1957ರಲ್ಲಿ. ಎರಡು ಪಿಕಪ್‌ನ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ) 4001 ಬಂದಿದ್ದು 1961ರಲ್ಲಿ. ಅದರ ಜಾಗಕ್ಕೆ 4003 ಬಂದಿದ್ದು ಎಪ್ಪತ್ತರ ದಶಕದ ಕೊನೆಗೆ. ತಲೆಯಿಂದ ಬುಡದವರೆಗೆ ಮೇಪಲ್ ಮರದ ಒಂದೇ ಪಟ್ಟಿ, ಅದರ ಎರಡೂ ಬದಿಗೆ ಅಂಟಿಸಿದ ರೆಕ್ಕೆ. ಸ್ಕೇಲ್ (ನುಡಿಯುವ ತಂತಿಯ ಉದ್ದ) 33¼ ಇಂಚು, ಅಂದರೆ ಫೆಂಡರ್ ಬೇಸ್‌ಗಿಂತ ಮುಕ್ಕಾಲು ಇಂಚು ಕಮ್ಮಿ. ಇಷ್ಟು ನಿಮಗೆಲ್ಲ ಗೊತ್ತಿರುವುದೇ. ಗೊತ್ತಿಲ್ಲದೆ ಕೆಡಿಸುವ ಜಾಗಗಳಿಗೆ ಬರೋಣ.

ಮೊದಲನೆಯದು ನೆಕ್, ಅಂದರೆ ವಾದ್ಯದ ಕತ್ತು. ಇದರೊಳಗೆ ಒಂದಲ್ಲ, ಎರಡು ಟ್ರಸ್ ರಾಡ್ (ನೆಕ್ ಬಾಗದಂತೆ ಹಿಡಿಯುವ ಲೋಹದ ಸರಳು) ಇವೆ. ತಲೆಯ ಮೇಲಿನ ಹೆಸರಿನ ಫಲಕ ಬಿಚ್ಚಿದರೆ ಎರಡು ನಟ್ ಕಾಣುತ್ತವೆ, ಕಾಲು ಇಂಚಿನ ನಟ್ ಡ್ರೈವರ್ ಸಾಕು. ಬೇರೆ ಗಿಟಾರ್‌ಗಳಲ್ಲಿ ನಟ್ ತಿರುಗಿಸುತ್ತೀರಿ, ನೆಕ್ ನೇರವಾಗುತ್ತದೆ. ಹಳೆಯ 4001ರಲ್ಲಿ ಹಾಗೆ ಮಾಡಬೇಡಿ, ದಯವಿಟ್ಟು. ಅದರ ರಾಡ್ ಅಂದರೆ ಅರ್ಧಕ್ಕೆ ಮಡಚಿದ ಲೋಹದ ಪಟ್ಟಿ. ನಟ್‌ನ ಬಲದಿಂದಲೇ ನೆಕ್ ಎಳೆಯಲು ಹೋದರೆ ಆ ಪಟ್ಟಿ ತಲೆಯ ಕಡೆ ಮೇಲಕ್ಕೆ ಒತ್ತಿ, ಫಿಂಗರ್‌ಬೋರ್ಡಿನ ಅಂಟನ್ನೇ ಕೀಳುತ್ತದೆ. ಮೊದಲ ಫ್ರೆಟ್ (ಫಿಂಗರ್‌ಬೋರ್ಡಿನ ಅಡ್ಡ ಲೋಹದ ಗೆರೆ) ಹತ್ತಿರ ಸಣ್ಣ ಬಿರುಕು ಕಂಡರೆ ಯಾರೋ ಈ ತಪ್ಪು ಮಾಡಿದ್ದಾರೆ ಅಂತಲೇ ಲೆಕ್ಕ.

ಸರಿಯಾದ ಕ್ರಮ ಹೀಗೆ. ತಂತಿ ಪೂರ್ತಿ ಸಡಿಲಿಸಿ. ಎರಡೂ ನಟ್ ಸಡಿಲಿಸಿ. ಇನ್ನೊಬ್ಬರ ಸಹಾಯ ಪಡೆದು ನೆಕ್ಕನ್ನು ಕೈಯಿಂದಲೇ ಮೆಲ್ಲಗೆ ಹಿಂದಕ್ಕೆ ಬಗ್ಗಿಸಿ ಹಿಡಿಯಿರಿ. ಹಿಡಿದಿರುವಾಗಲೇ ನಟ್ ಎರಡನ್ನೂ ಸಮವಾಗಿ, ಸರದಿಯ ಮೇಲೆ, ಬಿಗಿ ತಗಲುವಷ್ಟು ಮಾತ್ರ ತಿರುಗಿಸಿ. ಬಗ್ಗಿಸುವುದು ಕೈ, ನಟ್‌ನ ಕೆಲಸ ಬಗ್ಗಿದ್ದನ್ನು ಹಾಗೇ ನಿಲ್ಲಿಸುವುದು, ಅಷ್ಟೇ. ಮತ್ತೆ ಶ್ರುತಿ ಮಾಡಿ, ಮೊದಲ ಫ್ರೆಟ್‌ಗೆ ಕ್ಯಾಪೋ (ತಂತಿ ಒತ್ತಿ ಹಿಡಿಯುವ ಕ್ಲಿಪ್) ಹಾಕಿ, 20ನೇ ಫ್ರೆಟ್ ಒತ್ತಿ, 7–8ನೇ ಫ್ರೆಟ್ ಮೇಲೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಎಲೆ) ತೂರಿಸಿ. 0.25ರಿಂದ 0.3 ಮಿ.ಮೀ. ಸಂದು ಇದ್ದರೆ ಬಿಟ್ಟುಬಿಡಿ. 4003ರ ರಾಡ್‌ಗಳು ನಟ್‌ಗೆ ಹೆಚ್ಚು ಮಾತು ಕೇಳುತ್ತವೆ. ರೌಂಡ್‌ವೂಂಡ್ (ದುಂಡು ತಂತಿ ಸುತ್ತಿದ) ತಂತಿಯ ಎಳೆತ ತಡೆಯಲಿ ಅಂತಲೇ ಆ ಮಾಡೆಲ್ ಬಂದಿದ್ದು. ಹಳೆಯ 4001ಕ್ಕೆ ಚಪ್ಪಟೆ ಪಟ್ಟಿ ಸುತ್ತಿದ ಫ್ಲಾಟ್‌ವೂಂಡೇ ಕ್ಷೇಮ. 4003ರ ನಟ್ ಆದರೂ ಒಂದು ಸಲಕ್ಕೆ ಎಂಟನೇ ಒಂದು ಸುತ್ತು, ಆಮೇಲೆ ಒಂದು ರಾತ್ರಿ ಬಿಡಿ. ಸಕಲೇಶಪುರದ ಮಳೆಯಲ್ಲಿ ನೆಕ್ ಜರುಗುವುದು ಸಹಜ. ಜುಲೈನಲ್ಲಿ ದಿನಾ ತಿರುಗಿಸುತ್ತಾ ಕೂತರೆ ಜನವರಿಯಲ್ಲಿ ಮತ್ತೆ ಉಲ್ಟಾ ತಿರುಗಿಸಬೇಕಾಗುತ್ತದೆ. ಅಂದ ಹಾಗೆ, ಹಳೆಯವುಗಳ ಫಿಂಗರ್‌ಬೋರ್ಡ್ ಮೇಲೂ ವಾರ್ನಿಶ್ ಇರುತ್ತದೆ. ನಿಂಬೆ ಎಣ್ಣೆ ಹಚ್ಚಬೇಡಿ, ಒಳಗೆ ಇಳಿಯುವುದಿಲ್ಲ, ಒಣಬಟ್ಟೆ ಸಾಕು.

ಎರಡನೆಯದು, ನನಗೆ ತುಂಬಾ ಇಷ್ಟವಾದದ್ದು, ಆ ಪುಟ್ಟ ಕೆಪಾಸಿಟರ್. ಹಳೆಯ 4001ರಲ್ಲಿ ಬ್ರಿಡ್ಜ್ ಪಿಕಪ್‌ನ ದಾರಿಗೆ ಅಡ್ಡವಾಗಿ 0.0047 ಮೈಕ್ರೋಫ್ಯಾರಡ್ ಕೆಪಾಸಿಟರ್ ಇದೆ. ಅದು ಮಂದ್ರವನ್ನು ತಡೆದು ತಾರವನ್ನು ಬಿಡುತ್ತದೆ. ಮುಂದಿನ ಲೋಡ್ 250 ಕಿಲೋ ಓಮ್ ಅಂದುಕೊಂಡರೆ ಕಡಿತ ಶುರುವಾಗುವುದು ಸುಮಾರು 135 ಹರ್ಟ್ಸ್‌ನಿಂದ ಕೆಳಗೆ. ದಪ್ಪ ಇ ತಂತಿ 41 ಹರ್ಟ್ಸ್, ಜಿ ತಂತಿ 98. ನೋಡಿ, ನಾಲ್ಕೂ ಖಾಲಿ ತಂತಿಯ ಮೂಲಸ್ವರ ಆ ಗೆರೆಯ ಕೆಳಗೇ ಬಂತು. ರಿಕನ್‌ಬ್ಯಾಕರ್‌ನ ಆ ಕಣಕಣ ನಾದಕ್ಕೆ ಇದೂ ಒಂದು ಕಾರಣ. ಸ್ಟೇಜ್ ಮೇಲೆ 'ಬ್ರಿಡ್ಜ್ ಪಿಕಪ್‌ಗೆ ಬಲವೇ ಇಲ್ಲ, ಹಾಳಾಗಿದೆ' ಅನ್ನುವವರ ಪಿಕಪ್ ಬಹಳ ಸಲ ಚೆನ್ನಾಗಿಯೇ ಇರುತ್ತದೆ. ಅದನ್ನು ಬದಲಿಸಲು ಹಣ ಖರ್ಚು ಮಾಡುವ ಮುನ್ನ ಕೆಪಾಸಿಟರಿನ ಎರಡು ಕಾಲಿಗೆ ಒಂದು ಕ್ರಾಕಡೈಲ್ ಕ್ಲಿಪ್ ತಂತಿ ಸೇರಿಸಿ ನುಡಿಸಿ. ಬಲ ಬಂದರೆ ಉತ್ತರ ಸಿಕ್ಕಿತು.

ಎರಡೂ ನಾದ ಬೇಕೇ? ಕೆಪಾಸಿಟರ್ ಕಿತ್ತು ಎಸೆಯಬೇಡಿ, ಹೊಸ ಸ್ವಿಚ್‌ಗೆ ತೂತೂ ಬೇಡ. ಟೋನ್ ಪಾಟ್ (ನಾದ ಬದಲಿಸುವ ಗುಂಡಿಯ ಕೆಳಗಿನ ಬಿಡಿಭಾಗ) ಜಾಗಕ್ಕೆ ಅಷ್ಟೇ ಓಮ್‌ನ ಪುಶ್-ಪುಲ್ ಪಾಟ್, ಅಂದರೆ ಎಳೆದರೆ ಒತ್ತಿದರೆ ಸ್ವಿಚ್ ಆಗುವ ಪಾಟ್ ಹಾಕಿ, ಅದರ ಸ್ವಿಚ್‌ನಿಂದ ಕೆಪಾಸಿಟರನ್ನು ಒಳಗೆ ಹೊರಗೆ ಮಾಡಿ. ಒಂದು ಎಚ್ಚರಿಕೆ: ಟೋನ್‌ನ ಕೆಪಾಸಿಟರ್ 0.047. ಹೊಸ ಬಿಡಿಭಾಗದ ಮೇಲೆ ಚಿಕ್ಕದಕ್ಕೆ 472, ದೊಡ್ಡದಕ್ಕೆ 473 ಅಂತ ಮುದ್ರಿಸಿರುತ್ತಾರೆ. ಅದಲುಬದಲಾದರೆ ಟೋನ್ ತಿರುಗಿಸಿದರೂ ನಾದ ಅಷ್ಟಾಗಿ ಮಂಕಾಗುವುದಿಲ್ಲ, ಬ್ರಿಡ್ಜ್ ಪಿಕಪ್‌ನ ಮಂದ್ರವೂ ಕಡಿತವಾಗುವುದಿಲ್ಲ. ಬೆಸುಗೆ ಬಿಚ್ಚುವ ಮೊದಲು ಮೊಬೈಲ್‌ನಲ್ಲಿ ಫೋಟೋ ತೆಗೆದಿಡಿ.

ಇಲ್ಲಿ ಕ್ರಿಸ್ ಸ್ಕ್ವೈರ್ ಬಗ್ಗೆ ಹೇಳದಿದ್ದರೆ ನೀವು ಬಿಡುವುದಿಲ್ಲ. ಯೆಸ್ ಎಂಬ ಇಂಗ್ಲಿಷ್ ರಾಕ್ ತಂಡದ ಬೇಸ್ ವಾದಕ ಸ್ಕ್ವೈರ್ ಕೈಯಲ್ಲಿದ್ದದ್ದು ರಿಕನ್‌ಬ್ಯಾಕರ್‌ನ ಆರ್‌ಎಂ 1999, ಇಂಗ್ಲೆಂಡಿಗೆ ರೋಸ್-ಮಾರಿಸ್ ಕಂಪನಿ ತರಿಸುತ್ತಿದ್ದ ಮಾದರಿ. ಅವರು ಆಗ ವಾದ್ಯದ ಅಂಗಡಿಯಲ್ಲಿ ಕೆಲಸಕ್ಕಿದ್ದರು, ರಿಯಾಯಿತಿಯಲ್ಲಿ ಕೊಂಡರು. ಅರವತ್ತರ ದಶಕದ ಹುಡುಗರಲ್ಲವೇ, ಅದರ ಮೇಲೆ ಹೂವಿನ ವಾಲ್‌ಪೇಪರ್ ಅಂಟಿಸಿದರು! ಆಮೇಲೆ ಅದನ್ನು ಕೆರೆದು, ಉಜ್ಜಿ, ಬಣ್ಣ ಹೊಡೆಸಿದರು. ಉಜ್ಜಿ ಉಜ್ಜಿ ಬಾಡಿ ತೆಳುವಾಯಿತು, ತೂಕ ಇಳಿಯಿತು. ಅದು ಮೋನೋ ವಾದ್ಯ. ಅದರ ವೈರಿಂಗನ್ನು ಸ್ಟೀರಿಯೋ ಮಾಡಿ, ಒಂದು ಪಿಕಪ್ ಶುದ್ಧ ಬೇಸ್ ಆಂಪ್‌ಗೆ, ಇನ್ನೊಂದು ಒಡಕು ದನಿಯ ಕಡೆಗೆ ಕಳಿಸಿದರು. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ ಅವರದ್ದೂ ಹಾಗೇ: 1965ರಲ್ಲಿ ಕೈಗೆ ಬಂದ ಕೆಂಪು ಬಣ್ಣದ ವಾದ್ಯಕ್ಕೆ 1967ರಲ್ಲಿ ಬಣ್ಣದ ಚಿತ್ತಾರ, ಆಮೇಲೆ ಉಜ್ಜಿ ಬರೀ ಮರ. 'ನೋಡಿ, ಅವರೇ ಉಜ್ಜಿದ್ದಾರೆ' ಅಂತ ನೀವು ಕೇಳಬಹುದು. ಅವರು ಉಜ್ಜಿದಾಗ ಅದು ಅಂಗಡಿಯಲ್ಲಿ ಸಿಗುವ ಸಾಮಾನು. ನಿಮ್ಮ ಕೈಯಲ್ಲಿರುವ 1973ರ 4001 ಇನ್ನೊಂದು ಸಿಗುವುದಿಲ್ಲ. ಮತ್ತು ಸ್ಕ್ವೈರ್ ಅವರಿಂದ ಕಲಿಯಬೇಕಾದ್ದು ಉಜ್ಜುವುದನ್ನಲ್ಲ, ಎರಡು ಆಂಪ್‌ಗೆ ಹಂಚುವುದನ್ನು. ಅದಕ್ಕೆ ಒಂದು ಕೇಬಲ್ ಸಾಕು.

4001ರಲ್ಲಿ ಎರಡು ಪಿಕಪ್‌ನ ದನಿಯನ್ನು ಬೇರೆ ಬೇರೆಯಾಗಿ ಕೊಡುವ ರಿಕ್-ಒ-ಸೌಂಡ್ ಜ್ಯಾಕ್ ಸಾಮಾನ್ಯವಾಗಿ ಕಾರ್ಖಾನೆಯಿಂದಲೇ ಇರುತ್ತದೆ. ಸ್ಟೀರಿಯೋ ಪ್ಲಗ್ ಒಂದು, ಮೋನೋ ಪ್ಲಗ್ ಎರಡು ತನ್ನಿ. ತುದಿಯಿಂದ ಒಂದು ವೈರ್, ನಡುವಿನ ಉಂಗುರದಿಂದ ಇನ್ನೊಂದು, ಅರ್ಥ್ ಎರಡಕ್ಕೂ. ಆ ಜ್ಯಾಕ್‌ಗೆ ಸಾಮಾನ್ಯ ಕೇಬಲ್ ಚುಚ್ಚಿದರೆ ಉಂಗುರ ಅರ್ಥ್‌ಗೆ ತಗಲಿ ಒಂದು ಪಿಕಪ್ ಸುಮ್ಮನಾಗುತ್ತದೆ. ಗಾಬರಿಯಾಗಿ ಬಿಚ್ಚಬೇಡಿ, ಪಕ್ಕದ ಜ್ಯಾಕ್‌ಗೆ ಹಾಕಿ. ಗಣೇಶೋತ್ಸವದ ಸ್ಟೇಜ್‌ನಲ್ಲಿ ಎರಡು ಆಂಪ್ ಗೊಂಯ್ ಅಂದರೆ ಎರಡನ್ನೂ ಒಂದೇ ಪ್ಲಗ್ ಬೋರ್ಡ್‌ಗೆ ತನ್ನಿ. ಅರ್ಥ್ ಪಿನ್ ಮಾತ್ರ ಕೀಳಬೇಡಿ. ಅದು ಜೀವದ ಪ್ರಶ್ನೆ.

ಸಮಯ ಆಯ್ತು ಅಂತ ಚೀಟಿ ಬಂದಿದೆ, ಬೇಗ ಬೇಗ ಹೇಳುತ್ತೇನೆ. ಟೇಲ್‌ಪೀಸ್ (ತಂತಿಯ ಬುಡ ಹಿಡಿಯುವ ಲೋಹದ ಭಾಗ) ಹಿಂಭಾಗ ಎದ್ದಿದೆಯೇ? ಕೆಳಗೆ ಎಟಿಎಂ ಕಾರ್ಡ್ ನುಗ್ಗಿದರೆ ಎದ್ದಿದೆ ಅಂತ. ಎಳೆತ ಕಮ್ಮಿ ಇರುವ ತಂತಿ ಹಾಕಿ. ಬದಲಿಸಲೇಬೇಕಾದರೆ ಹಿಪ್‌ಶಾಟ್ ಬ್ರಿಡ್ಜ್ ಹಳೆಯ ತೂತುಗಳಿಗೇ ಕೂರುತ್ತದೆ, ಅದರಲ್ಲಿ ಒಂದೊಂದು ತಂತಿಯ ಎತ್ತರವೂ ಬೇರೆ ಬೇರೆ. ತಂತಿಯ ನಾದ ತಗ್ಗಿಸುವ ಸ್ಪಂಜಿನ ಮ್ಯೂಟ್ ಮಲೆನಾಡಿನ ತೇವಕ್ಕೆ ಅಂಟಂಟಾಗುತ್ತದೆ, ವರ್ಷಕ್ಕೊಮ್ಮೆ ನೋಡಿ. ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್, ತೇವಮಾಪಕ. 45–55 ಶೇಕಡಾ ಇರಲಿ. ಬಿಚ್ಚಿದ ಮೂಲ ಭಾಗಗಳು, ಸ್ಕ್ರೂ ಸಮೇತ, ಚೀಟಿ ಬರೆದ ಒಂದು ಕವರಿನಲ್ಲಿ.

ಕೊಳ್ಳುವವರಿಗೆ: ಮೊದಲು ತಿರುವಿ ಹಿಂಭಾಗ ನೋಡಿ. ನೆಕ್ ಸೇರುವಲ್ಲಿ ನಾಲ್ಕು ಸ್ಕ್ರೂ, ಪ್ಲೇಟ್ ಇದ್ದರೆ ಅದು ನಕಲು. ಇಲ್ಲದಿದ್ದರೂ ಅಸಲಿ ಅಂತಲ್ಲ, ಎಪ್ಪತ್ತರ ದಶಕದ ಜಪಾನಿನವರು ಸ್ಕ್ರೂ ಇಲ್ಲದ ನಕಲನ್ನೂ ಮಾಡಿದ್ದಾರೆ. ನಂಬರ್ ಇರುವುದು ಜ್ಯಾಕ್ ಪ್ಲೇಟ್ ಮೇಲೆ. 1961ರಿಂದ 1986ರವರೆಗೆ ಮೊದಲ ಅಕ್ಷರ ವರ್ಷ, ಎರಡನೆಯದು ತಿಂಗಳು; ಎ ಅಂದರೆ 1961, ಝಡ್ ಅಂದರೆ 1986. 'ಎಂಜಿ' ಇದ್ದರೆ 1973ರ ಜುಲೈ. ಆದರೆ ಆ ಪ್ಲೇಟ್ ಸ್ಕ್ರೂ ಬಿಚ್ಚಿದರೆ ಬರುತ್ತದೆ, ಹಾಗಾಗಿ ಪಾಟ್‌ಗಳ ಬೆನ್ನನ್ನೂ ಓದಿ. 1377320 ಅಂತಿದ್ದರೆ 137 ತಯಾರಕ ಸಿಟಿಎಸ್, 73 ವರ್ಷ, 20 ವಾರ. ಎರಡಕ್ಕೂ ತಾಳೆಯಾಗಬೇಕು. ತಾಳೆಯಾಗದಿದ್ದರೆ ಬೆಲೆ ಇಳಿಸಿ ಕೇಳಿ.

ಮೇಜಿನ ಮೇಲೆ ಮಲ್ಟಿಮೀಟರ್, ಫೀಲರ್ ಗೇಜ್, ಕಾಲು ಇಂಚಿನ ನಟ್ ಡ್ರೈವರ್ ಇವೆ. ವಾದ್ಯ ತಂದವರು ಒಬ್ಬೊಬ್ಬರಾಗಿ ಬನ್ನಿ. ಹಳೆಯ 4001 ತಂದವರು ಮೊದಲು.