ಹತ್ತು ಟನ್ ಕೊಟ್ಟಿಗೆ ಗೊಬ್ಬರ ಹಾಕಿದರೂ ದೊಣ್ಣೆ ಮೆಣಸಿನ ಗಿಡ ಹಳದಿಯಾಗುವುದೇಕೆ?

ನಮಸ್ಕಾರ. ಎಕರೆಗೆ ಹತ್ತು ಟನ್ ಕೊಟ್ಟಿಗೆ ಗೊಬ್ಬರ ಹಾಕಿ ನಾಟಿ ಮಾಡಿದ ಕ್ಯಾಪ್ಸಿಕಂ ಸಸಿಗಳು ಕೆಲವೇ ವಾರಗಳಲ್ಲಿ ಹಳದಿಗೆ ತಿರುಗುವುದುಂಟು. ಇಷ್ಟೊಂದು ಗೊಬ್ಬರದ ನಡುವೆ ಗಿಡ ಹಸಿದಿರುವುದು ಹೇಗೆ ಎಂಬುದೇ ಇಂದಿನ ಪ್ರಶ್ನೆ.

[ಪರದೆಯ ಮೇಲೆ ಲೆಕ್ಕ]

ಗಿಡದ ಮೂರು ಮುಖ್ಯ ಪೋಷಕಾಂಶಗಳು ಸಾರಜನಕ, ರಂಜಕ, ಪೊಟ್ಯಾಷ್. ಇವುಗಳಲ್ಲಿ ಎಲೆಯನ್ನು ಹಸಿರಾಗಿಡುವ ಸಾರಜನಕದ ಲೆಕ್ಕಕ್ಕೆ ನೇರವಾಗಿ ಬರುತ್ತೇನೆ. ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಇರುವುದು ಸುಮಾರು ಶೇ. 0.5ರಷ್ಟು, ಅಂದರೆ ಹತ್ತು ಟನ್ನಿನಲ್ಲಿ 50 ಕಿಲೋ. ಅದರಲ್ಲಿ ಮೊದಲ ಬೆಳೆಗೆ ದಕ್ಕುವುದು ಮೂರನೇ ಒಂದು ಭಾಗದ ಆಸುಪಾಸು. ಇತ್ತ ಯೂರಿಯಾದಲ್ಲಿ ಶೇ. 46ರಷ್ಟು ಸಾರಜನಕ ಇರುವುದರಿಂದ 45 ಕಿಲೋದ ಒಂದೇ ಚೀಲದಲ್ಲಿ 20 ಕಿಲೋಗೂ ಹೆಚ್ಚು ಸಿಗುತ್ತದೆ. ಎರಡು ಮೂರು ಟ್ರ್ಯಾಕ್ಟರ್ ಲೋಡಿನ ಗೊಬ್ಬರ ಈ ಬೆಳೆಗೆ ಕೊಡುವ ಸಾರಜನಕ, ಹೆಗಲ ಮೇಲೆ ಹೊತ್ತು ತರುವ ಒಂದು ಚೀಲಕ್ಕಿಂತ ಕಡಿಮೆ ಎಂದಾಯಿತು. ಸಾವಯವದ ಪಕ್ಷದವರು ಸಿಟ್ಟಾಗಬೇಡಿ, ನಿಮ್ಮ ಸರದಿಯೂ ಬರಲಿದೆ.

ಆದರೆ ಎಲೆ ಹಳದಿಯಾಗುವುದಕ್ಕೆ ಇದಕ್ಕಿಂತ ಸ್ವಾರಸ್ಯಕರವಾದ ಕಾರಣವೊಂದಿದೆ, ಅದರ ಬಳಿ ಸ್ವಲ್ಪ ಹೊತ್ತು ನಿಲ್ಲೋಣ. ಮಣ್ಣಿನ ಸೂಕ್ಷ್ಮಜೀವಿಗಳ ದೇಹದಲ್ಲಿ ಎಂಟು ಪಾಲು ಇಂಗಾಲಕ್ಕೆ ಒಂದು ಪಾಲು ಸಾರಜನಕ ಇರುತ್ತದೆ. ತಿಂದ ಇಂಗಾಲದ ಸುಮಾರು ಮೂರನೇ ಎರಡು ಭಾಗವನ್ನು ಅವು ಉಸಿರಾಟದಲ್ಲೇ ಕಳೆಯುವುದರಿಂದ, ಅವುಗಳ ಊಟದಲ್ಲಿ 24 ಪಾಲು ಇಂಗಾಲಕ್ಕೆ ಒಂದು ಪಾಲು ಸಾರಜನಕ ಬೇಕಾಗುತ್ತದೆ. ಭತ್ತದ ಹುಲ್ಲಿನಲ್ಲಿ ಈ ಅನುಪಾತ 60ನ್ನೂ ಮೀರುತ್ತದೆ. ಹುಲ್ಲು, ಕಡ್ಡಿ ಇನ್ನೂ ಕಣ್ಣಿಗೆ ಕಾಣುವ ಅರೆಕೊಳೆತ ಗೊಬ್ಬರವನ್ನು ಮಡಿಗೆ ಸೇರಿಸಿದಾಗ, ಕೊರತೆ ಬಿದ್ದ ಸಾರಜನಕವನ್ನು ಈ ಜೀವಿಗಳು ಮಣ್ಣಿನಿಂದಲೇ ಎಳೆದುಕೊಳ್ಳುತ್ತವೆ. ಮದುವೆ ಮನೆಯಲ್ಲಿ ಬಡಿಸುವವರೇ ಮೊದಲ ಪಂಕ್ತಿಯಲ್ಲಿ ಕುಳಿತುಬಿಟ್ಟರೆ ಬೀಗರು ಬಾಗಿಲಲ್ಲಿ ನಿಲ್ಲಬೇಕಾಗುತ್ತದಲ್ಲ, ಇಲ್ಲಿ ಬೀಗರು ನಮ್ಮ ಮೆಣಸಿನ ಸಸಿಗಳು. ಜೀವಿಗಳು ಸತ್ತು ಕರಗಿದ ಮೇಲೆ ಆ ಸಾರಜನಕ ಮರಳಿ ಮಣ್ಣಿಗೆ ಬರುತ್ತದೆ ನಿಜ, ಆದರೆ ಅಷ್ಟರಲ್ಲಿ ಗಿಡ ಬೆಳೆಯಬೇಕಾದ ವಾರಗಳು ಕಳೆದುಹೋಗಿರುತ್ತವೆ. ಆದ್ದರಿಂದ ಕಪ್ಪಗೆ ಪುಡಿಪುಡಿಯಾದ, ಒಳಗೆ ಕಾವು ಉಳಿಯದ, ಮಣ್ಣಿನ ವಾಸನೆ ಬರುವ ಗೊಬ್ಬರವನ್ನೇ ಬಳಸಬೇಕು.

ಹಾಗಾದರೆ ಗೊಬ್ಬರವನ್ನು ಬಿಟ್ಟು ಯೂರಿಯಾ ಒಂದನ್ನೇ ನಂಬಬಹುದೇ? ಅದು ನೀರಿನಲ್ಲಿ ಬೇಗ ಕರಗಿ ಬೇಗ ಜಾರಿಹೋಗುತ್ತದೆ. ಒಮ್ಮೆಲೇ ಹೆಚ್ಚು ಕೊಟ್ಟರೆ ಎಲೆ ಸೊಂಪಾಗಿ ಬೆಳೆದು ಹೂ ಉದುರುತ್ತದೆ. ಪೋಷಕಾಂಶಗಳನ್ನು ಹಿಡಿದಿಡುವ ಶಕ್ತಿ ಬರುವುದು ಸಾವಯವ ಅಂಶದಿಂದ. ಕೋಲಾರದಂತಹ ಕೆಂಪು ಮಣ್ಣಿನಲ್ಲಿ ಕಬ್ಬಿಣ ಮತ್ತು ಅಲ್ಯೂಮಿನಿಯಂ ರಂಜಕವನ್ನು ಕಟ್ಟಿಹಾಕುತ್ತವೆ. ರಂಜಕದ ರಸಗೊಬ್ಬರವಾದ ಸೂಪರ್ ಫಾಸ್ಫೇಟನ್ನು ಕಳಿತ ಗೊಬ್ಬರದೊಂದಿಗೆ ಬೆರೆಸಿ ಸಾಲಿಗೆ ಕೊಟ್ಟರೆ ಆ ನಷ್ಟ ಕಡಿಮೆಯಾಗುತ್ತದೆ. ನನ್ನ ದೃಷ್ಟಿಯಲ್ಲಿ ಕೊಟ್ಟಿಗೆ ಗೊಬ್ಬರ, ರಸಗೊಬ್ಬರ ಎರಡನ್ನೂ ಸೇರಿಸಿ ಬಳಸುವುದೆಂದರೆ ಅರ್ಧಕ್ಕೆ ಅರ್ಧ ಹಂಚುವುದಲ್ಲ: ಗೊಬ್ಬರ ಮತ್ತು ರಂಜಕ ನಾಟಿಗೆ ಮೊದಲೇ ಮಣ್ಣು ಸೇರಬೇಕು, ಸಾರಜನಕ ಮತ್ತು ಪೊಟ್ಯಾಷ್ ಕಂತುಗಳಲ್ಲಿ, ಸಾಧ್ಯವಾದರೆ ಹನಿ ನೀರಿನ ಮೂಲಕ, ಗಿಡದ ಬೆಳವಣಿಗೆಯನ್ನು ನೋಡಿಕೊಂಡು ಬರಬೇಕು.

ವಿಡಿಯೋ ಉದ್ದವಾಗುತ್ತಿರುವುದರಿಂದ ಉಳಿದದ್ದನ್ನು ಒಟ್ಟಿಗೆ ಹೇಳಿಬಿಡುತ್ತೇನೆ. ಕಾಯಿಯ ತುದಿ ಕಪ್ಪಾಗಿ ಕೊಳೆತರೆ ಅದು ಕಾಯಿಗೆ ಕ್ಯಾಲ್ಸಿಯಂ ತಲುಪದಿರುವುದರ ಗುರುತು. ಅಮೋನಿಯಂ (ಸಾರಜನಕದ ಒಂದು ರೂಪ) ಮತ್ತು ಪೊಟ್ಯಾಷ್ ಅತಿಯಾದರೂ, ನೀರು ಒಂದು ದಿನ ಹೆಚ್ಚು ಒಂದು ದಿನ ಕಡಿಮೆಯಾದರೂ ಇದು ಉಲ್ಬಣಿಸುತ್ತದೆ. ಯೂರಿಯಾವನ್ನು ಸುಣ್ಣದೊಂದಿಗಾಗಲಿ ಬೂದಿಯೊಂದಿಗಾಗಲಿ ಬೆರೆಸಿದರೆ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಪಾಲಿಹೌಸಿನಲ್ಲಿ ಮಳೆ ಬಿದ್ದು ಲವಣ ತೊಳೆದುಹೋಗುವುದಿಲ್ಲವಾದ್ದರಿಂದ, ಕೋಳಿ ಗೊಬ್ಬರ ಮತ್ತು ರಸಗೊಬ್ಬರ ಎರಡನ್ನೂ ಧಾರಾಳವಾಗಿ ಕೊಡುವವರು ಮಣ್ಣು ಪರೀಕ್ಷೆಯ ವರದಿಯಲ್ಲಿ ಲವಣಾಂಶದ ಸಾಲನ್ನು ಮೊದಲು ಓದಬೇಕು. ಇನ್ನು ಕ್ಯಾಲ್ಸಿಯಂ ನೈಟ್ರೇಟನ್ನು ಫಾಸ್ಫೇಟ್ ಅಥವಾ ಸಲ್ಫೇಟ್ ಗೊಬ್ಬರಗಳೊಂದಿಗೆ ಒಂದೇ ತೊಟ್ಟಿಯಲ್ಲಿ ಕರಗಿಸಬೇಡಿ. ಕರಗದ ಗಸಿ ತಳಕ್ಕಿಳಿದು, ಗಿಡಕ್ಕೆ ಹೋಗಬೇಕಾದ ದುಡ್ಡು ಹನಿ ಪೈಪಿನ ತೂತುಗಳಲ್ಲಿ ಕಟ್ಟಿಕೊಳ್ಳುತ್ತದೆ.